ಮುತ್ತವ್ವನ ಬಾಯಿ, ಇನ್ಯಾರದೋ ದನಿ

ಕಮತಗಿ
೧೨ ಸೆಪ್ಟೆಂಬರ್ ೨೦೨೫

ಪ್ರೀತಿಯ ಪ್ರಾಚಿಗೆ,

'ಪ್ರೀತಿಯ' ಎಂದು ಬರೆದ ಮೇಲೆ ಹೊಡೆದುಹಾಕಬೇಕು ಅನ್ನಿಸಿತು. ಕೈ ಬರಲಿಲ್ಲ. ಇರಲಿ ಬಿಡು.

ಮೂರು ತಿಂಗಳಿಂದ ಮೊಬೈಲಿನಲ್ಲಿ ನಿನಗೆ ಏನು ಬರೆದರೂ ಎರಡು ನೀಲಿ ಗೀಟು ಮೂಡುತ್ತವೆ, ಅಷ್ಟೇ. ನೀನು ಓದಿದೆ ಎಂದು ಗೊತ್ತಾಗುತ್ತದೆ, ಓದಿ ನಿನಗೆ ಏನನ್ನಿಸಿತು ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಶಾಲೆಯ ಉತ್ತರಪತ್ರಿಕೆಗಳನ್ನು ಬದಿಗೆ ಸರಿಸಿ ಕಾಗದ ತೆಗೆದುಕೊಂಡು ಕೂತಿದ್ದೇನೆ. ಬಾಗಲಕೋಟೆಯ ಹಾಸ್ಟೆಲ್ಲಿನಲ್ಲಿ ಜಗಳವಾದಾಗ ಮಾತು ಬಿಟ್ಟು ಚೀಟಿ ಬರೆದು ಒಬ್ಬರ ದಿಂಬಿನ ಕೆಳಗೆ ಇನ್ನೊಬ್ಬರು ಇಡುತ್ತಿದ್ದೆವಲ್ಲ, ಇದೂ ಅಂಥದೇ ಎಂದು ತಿಳಿದುಕೋ. ಸ್ವಲ್ಪ ಉದ್ದವಾಗಿದೆ. ಪೂರ್ತಿ ಓದು.

ಕಳೆದ ನವೆಂಬರಿನಲ್ಲಿ ನೀನು ನಮ್ಮ ಶಾಲೆಗೆ ಬಂದ ದಿನ ನಾನು ಎಷ್ಟು ಹಿಗ್ಗಿದ್ದೆ ಗೊತ್ತೇ? ಬಾದಾಮಿಯ ಪಂಢರೀನಾಥ ಮಾಸ್ತರರ ಮಗಳು, ನನ್ನ ಗೆಳತಿ, ಟಿವಿ ಧಾರಾವಾಹಿ ಬರೆಯುವವಳು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪರಿಚಯಿಸಿದೆ. ನೀನು ಎಲ್ಲರಿಗೂ, ಬೇರೆ ಗ್ರಹದಿಂದ ಬಂದ ಮೂವರು ಮಕ್ಕಳು ಬಾದಾಮಿಯಲ್ಲಿ ಮನೆ ಹಿಡಿದು, ಸಮವಸ್ತ್ರ ತೊಟ್ಟು, ಎಲ್ಲರ ಹಾಗೆ ಶಾಲೆಗೆ ಹೋಗುವ ಕಥೆ ಹೇಳಿದೆ. 'ಒಂಬತ್ತನೇ ಬೆಂಚು' ಎಂದು ಹೆಸರಿಟ್ಟಿದ್ದೆ. ಆಗ ನೀನು ಹೇಳಿದ ಮಾತು ನನಗೆ ಈಗಲೂ ಬಾಯಿಪಾಠ:

"ಊರಿನ ಮಂದಿ ಎಲ್ಲಾ ನಮ್ಮ ಭಾಷಾದಾಗನ ಮಾತಾಡ್ತಾರ ಸುಮಾ. ಈ ಮೂರು ಹುಡುಗೂರು ಮಾತ್ರ ಪುಸ್ತಕದ ಕನ್ನಡ. ಯಾಕಂದ್ರ ಅವ್ರು ಕನ್ನಡಾ ಕಲ್ತದ್ದು ಪಠ್ಯಪುಸ್ತಕ ಓದಿ!"

ನಾನು ನಕ್ಕೆ. ಎಷ್ಟು ಚಂದದ ಯೋಚನೆ ಅನ್ನಿಸಿತು. ಟಿವಿಯಲ್ಲಿ ನಮ್ಮ ಮಾತು ಬಂದರೆ ಕುಡುಕನ ಬಾಯಲ್ಲಿ, ಇಲ್ಲವೇ ಮನೆಗೆಲಸದವಳ ಬಾಯಲ್ಲಿ. ಇಲ್ಲಿ ಅದೇ ಸಹಜ ಮಾತು, ಪುಸ್ತಕದ್ದೇ ವಿಚಿತ್ರ. ಊರಿನವರ ಮಾತುಗಳನ್ನು ತಿದ್ದಿಕೊಡು ಎಂದು ನೀನು ಅಂದೆ. ನಾನು ಎರಡು ನೋಟ್‌ಬುಕ್ ತುಂಬ ಬರೆದುಕೊಟ್ಟೆ.

ಇರಾ ಎಂಬ ಆ ಬೇರೆ ಗ್ರಹದ ಹುಡುಗಿಯ ಪಾತ್ರಕ್ಕೆ ಮುತ್ತವ್ವನನ್ನು ಆರಿಸಿದ್ದು ನೀನೇ. ಒಂಬತ್ತನೇ ತರಗತಿಯ ಹಿಂದಿನ ಸಾಲಿನಲ್ಲಿ ಕೂತಿದ್ದಳು. ನೀರನ್ನೇ ನೋಡಿರದವಳ ಹಾಗೆ ಈ ಲೋಟ ಹಿಡಿ ಎಂದು ನೀನು ಎಲ್ಲ ಮಕ್ಕಳಿಗೂ ಹೇಳಿದೆ. ಬೇರೆಯವರು ಕಣ್ಣು ಅಗಲಿಸಿದರು, ಬೆಚ್ಚಿಬಿದ್ದರು. ಇವಳು ಲೋಟವನ್ನು ಕಿವಿಗೆ ಹಿಡಿದು ಆಲಿಸಿದಳು. ನೀನು ನನ್ನ ಮೊಣಕೈ ಹಿಂಡಿದೆ.

ಅವಳ ಅಪ್ಪ ವೀರೇಶ ಮನೆಯಲ್ಲೇ ಪವರ್‌ಲೂಮ್ ಓಡಿಸುವವನು. ಅಜ್ಜಿ ಬಸಲಿಂಗವ್ವ ಇನ್ನೂ ಕೈಮಗ್ಗದಲ್ಲಿ ಸೀರೆ ನೇಯುತ್ತಾಳೆ. ಮಗಳನ್ನು ಕಳಿಸಲು ವೀರೇಶನಿಗೆ ಮನಸ್ಸಿರಲಿಲ್ಲ. ಕೊನೆಗೆ ನನ್ನ ಮುಖ ನೋಡಿ ಅಂದ: "ಟೀಚರ್, ನೀವ ಅದೀರಿ ಅಂತ ಕಳಸ್ತೇನ್ರಿ. ಬ್ಯಾರೇದವ್ರ ಮಾತಿನ ಮ್ಯಾಲೆ ಕಳಸಾಂವ ಅಲ್ಲ." ನಾನು ಇದ್ದೇನೆ ಎಂದು ಮಾತು ಕೊಟ್ಟೆ.

ಮೂರು ವಾರ ನಾನೂ ಅವಳೂ ಪುಸ್ತಕದ ಕನ್ನಡ ಅಭ್ಯಾಸ ಮಾಡಿದೆವು. 'ಐತಿ' ಬಿಟ್ಟು 'ಇದೆ', 'ಬರ್ತೇನಿ' ಬಿಟ್ಟು 'ಬರುತ್ತೇನೆ'. ಮನೆಯಲ್ಲಿ ಅಜ್ಜಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತ, ಆ ಸುತ್ತಿನ ಲಯಕ್ಕೇ ವಾಕ್ಯಗಳನ್ನು ಹೇಳಿಕೊಳ್ಳುತ್ತಿದ್ದಳಂತೆ. ಶಿವಯೋಗ ಮಂದಿರದ ಹತ್ತಿರ ಹೊಳೆದಂಡೆಯಲ್ಲಿ ಚಿತ್ರೀಕರಿಸಿದ ದಿನ ನೆನಪಿದೆಯೇ? ಇರಾ ತನ್ನ ಗೆಳತಿಗೆ ನಿಜ ಹೇಳುವ ದೃಶ್ಯ. 'ನನ್ನ ಊರು ಬಹಳ ದೂರವಿದೆ' ಎನ್ನಬೇಕಿತ್ತು. ಎರಡು ಸಲ ಸರಿಯಾಗಿಯೇ ಹೇಳಿದಳು. ಮೂರನೆಯ ಸಲ ಅದೇನಾಯಿತೋ, ಮಾತು ಮರೆತು, ಹೊಳೆಯ ಕಡೆ ನೋಡುತ್ತ ಅಂದುಬಿಟ್ಟಳು: "ನಂಗೂ ಇದ ಊರು. ನಾ ಎಲ್ಲೂ ಹೋಗಂಗಿಲ್ಲ."

ಯಾರೂ ನಿಲ್ಲಿಸು ಅನ್ನಲಿಲ್ಲ. ದನಿ ಹಿಡಿಯುವ ಶಾಬುದ್ದೀನ ಕಿವಿಯ ಹೆಡ್‌ಫೋನ್ ತೆಗೆದು ಕಣ್ಣು ಒರೆಸಿಕೊಂಡ. ನೀನು, "ಇದನ್ನ ಇಡ್ರಿ. ಅಕಿ ಈಗ ಇಲ್ಲಿಯಾಕಿ ಆದ್ಲು," ಎಂದೆ. ಆ ದಿನ ನಿನ್ನ ಮೇಲೆ ನನಗೆ ಎಷ್ಟು ಅಭಿಮಾನ ಬಂದಿತ್ತು!

ಇನ್ನು ಜೂನ್ ತಿಂಗಳ ಮೊದಲ ಭಾನುವಾರದ ವಿಷಯ. ನೀನು ಬೆಂಗಳೂರಿನಲ್ಲಿದ್ದೆ, ನಿನಗೆ ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ವೀರೇಶ ಪವರ್‌ಲೂಮ್ ನಿಲ್ಲಿಸಿ ಓಣಿಯವರನ್ನೆಲ್ಲ ಮನೆಗೆ ಕರೆದಿದ್ದ. ಐವತ್ತು ಜನರಾದರೂ ಇದ್ದರು. ಬಸಲಿಂಗವ್ವ ಎಲ್ಲರಿಗೂ ಚುರುಮುರಿ ಹಂಚಿದಳು. ಮುತ್ತವ್ವ ಹೊಸ ಲಂಗ ಉಟ್ಟು ಬಾಗಿಲ ಹತ್ತಿರ ನಿಂತಿದ್ದಳು. ಧಾರಾವಾಹಿ ಶುರುವಾಯಿತು. ಬಾದಾಮಿಯ ಬನಶಂಕರಿ ಗುಡಿಯ ಮುಂದೆ ರೊಟ್ಟಿ ಮೊಸರು ಮಾರುವ ಹೆಂಗಸು ಬಾಯಿ ತೆರೆದರೆ "ಬನ್ನಿ ಸಾರ್, ಊಟ ಮಾಡ್ಕೊಂಡ್ ಹೋಗಿ" ಎಂದಳು! ಕಂಡಕ್ಟರ್, ಮಾಸ್ತರು, ಕಿರಾಣಿ ಅಂಗಡಿಯವನು, ಎಲ್ಲರೂ ಬೆಂಗಳೂರಿನವರು. ಅವರಿಗೆಂದು ನಾನು ಬರೆದುಕೊಟ್ಟ ಒಂದು ಸಾಲೂ ಇರಲಿಲ್ಲ. ಆಮೇಲೆ ಇರಾ ಬಂದಳು. ಮುತ್ತವ್ವನ ತುಟಿ ಅಲುಗಿತು. ಯಾರೋ ದೊಡ್ಡ ಹೆಂಗಸಿನ ಕೀರಲು ದನಿ, ಬಾವಿಯೊಳಗಿಂದ ಬಂದ ಹಾಗೆ ಗುಂಯ್‌ಗುಟ್ಟುತ್ತ, "ಏನ್ರಿಯಪ್ಪಾ, ಹಿಂಗ್ಯಾಕ ನೋಡಾಕತ್ತೀರಿ?" ಎಂದಿತು. ಬೇರೆ ಗ್ರಹದ ಮೂರೂ ಮಕ್ಕಳು ನಮ್ಮ ಭಾಷೆ ಆಡಿದರು. ಅವರು ಮಾತಾಡಿದಾಗಲೆಲ್ಲ ಹಿಂದಿನಿಂದ ಮೋಜಿನ ಸಂಗೀತ.

ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು. ಬಸಲಿಂಗವ್ವ ಮೊಮ್ಮಗಳ ಕಡೆ ತಿರುಗಿ ಕೇಳಿದಳು: "ಮುತ್ತೀ, ಬಾಯಿ ನಿಂದ ಐತಿ. ದನಿ ಯಾರದವಾ?"

ವೀರೇಶ ಎದ್ದುಹೋಗಿ ಪವರ್‌ಲೂಮ್ ಚಾಲೂ ಮಾಡಿದ. ಆ ಸದ್ದಿನಲ್ಲಿ ಉಳಿದದ್ದು ಯಾರಿಗೂ ಕೇಳಿಸಲಿಲ್ಲ.

ಮರುದಿನ ಶಾಲೆಯಲ್ಲಿ ಹುಡುಗರು ಖಾಲಿ ಕೊಡದೊಳಗೆ ಬಾಯಿಟ್ಟು ಆ ಗುಂಯ್ ದನಿಯಲ್ಲಿ ಮುತ್ತವ್ವನ ಹೆಸರು ಕೂಗಿದರು. ಇಬ್ಬರನ್ನು ಹೊರಗೆ ನಿಲ್ಲಿಸಿದೆ, ಹೆಡ್ ಮಾಸ್ತರರಿಗೆ ಹೇಳಿದೆ. ಏನು ಮಾಡಿದರೂ ಎಷ್ಟು ಜನರ ಬಾಯಿ ಮುಚ್ಚಿಸಲಿ? ಮೊಬೈಲಿನಲ್ಲಂತೂ ಊರೂರಿನವರು ಆ ದನಿಗೆ ಕುಣಿಯುತ್ತಿದ್ದರು. ಎರಡು ವಾರ ಅವಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಮೂರನೆಯ ವಾರ ಹಾಜರಿ ಕರೆದಾಗ ಎದ್ದುನಿಂತು, "ಉಪಸ್ಥಿತಳಾಗಿದ್ದೇನೆ, ಟೀಚರ್" ಎಂದಳು.

ಆವತ್ತಿನಿಂದ ಅದೇ ಭಾಷೆ ಪ್ರಾಚಿ. ಆಟದ ಬಯಲಿನಲ್ಲೂ ಅದೇ, ಮನೆಯಲ್ಲೂ ಅದೇ. 'ಆಯಿ' ಎಂದು ಕರೆಯುತ್ತಿದ್ದವಳು ಈಗ 'ಅಜ್ಜಿ' ಎನ್ನುತ್ತಾಳೆ. "ಅಜ್ಜಿ, ನನಗೆ ಹಸಿವಿಲ್ಲ. ದಯವಿಟ್ಟು ಒತ್ತಾಯಿಸಬೇಡಿ." ಬಸಲಿಂಗವ್ವ ಒಂದು ಮಧ್ಯಾಹ್ನ ಮಗ್ಗ ಬಿಟ್ಟು ಶಾಲೆಗೆ ಬಂದು, ವರಾಂಡದಲ್ಲಿ ಕೂತು ಅತ್ತಳು. "ಅಕ್ಕೋರ, ನಮ್ಮ ಮನ್ಯಾಗ ಯಾರೋ ಬೀಗ್ರು ಬಂದು ಕುಂತಂಗ ಆಗೇತ್ರಿ. ನನಗ 'ನೀವು' ಅಂತಾಳ್ರಿ. ನನ್ನ ಮುತ್ತಿನ್ನ ಹೊಳ್ಳಿ ಕೊಡ್ರಿ."

ನಾನೇನು ಕೊಡಲಿ? ನಿನಗೆ ಫೋನ್ ಮಾಡಿದೆ. ಹನ್ನೊಂದನೇ ಸಲಕ್ಕೆ ನೀನು ಎತ್ತಿದೆ. ನೀನು ಆಡಿದ್ದೂ ಬೆಂಗಳೂರಿನ ಕನ್ನಡವೇ. ಚಾನೆಲ್‌ನವರ ತೀರ್ಮಾನ, ನನಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು, ನೋಡುವವರಿಗೆ ಏಲಿಯನ್ ಅಂದರೆ ಏಲಿಯನ್ ಥರ ಕೇಳಿಸಬೇಕಂತೆ, ಎಂದೆಲ್ಲ ಹೇಳಿದೆ. ಗೊತ್ತಾಗದೇ ಹೇಗಿರುತ್ತದೆ ಪ್ರಾಚಿ? ಬರೆದವಳು ನೀನು. ಹನ್ನೆರಡು ಕಂತಿನ ಮಾತು ಬದಲಾಗುವವರೆಗೆ ನೀನು ಎಲ್ಲಿದ್ದೆ? ಹಾಗೆ ಕೇಳಿದ್ದಕ್ಕೆ ಮೀಟಿಂಗ್ ಇದೆ ಎಂದು ಇಟ್ಟುಬಿಟ್ಟೆ.

ಸಿಟ್ಟಿನಲ್ಲಿ ಬಸ್ಸು ಹತ್ತಿ ಬಾದಾಮಿಗೆ ನಿಮ್ಮ ಮನೆಗೇ ಹೋದೆ. ನಿನ್ನ ಅಪ್ಪ ಚಹಾ ಮಾಡಿಕೊಟ್ಟರು. "ಮಗಳ ಧಾರಾವಾಹಿ ಬರ್ತದ ಅಂತ ಹತ್ತು ಮಂದಿಗೆ ನಾನ ಹೇಳಿದ್ದೆ ಸುಮಾ. ಈಗ ಅದು ಬರೋ ಹೊತ್ತಿಗೆ ಸರಿಯಾಗಿ ವಾಕಿಂಗ್ ಹೋಗ್ತೇನಿ," ಎಂದರು. ಚಹಾದ ಲೋಟ ನನ್ನತ್ತ ಸರಿಸುತ್ತ, "ಅಕಿ ಭಾಳ ಅಂಜ್ಯಾಳವಾ. ಅಕೀನ್ನೂ ಬೈಬ್ಯಾಡ," ಎಂದರು. ಅಂಜಿಕೆ ನಿನಗಾದರೆ ಶಿಕ್ಷೆ ಮುತ್ತವ್ವನಿಗೆ ಏಕೆ ಎಂದು ಕೇಳಬೇಕೆಂದಿದ್ದೆ. ಅವರ ಮುಖ ನೋಡಿ ಚಹಾ ಕುಡಿದು ಬಂದೆ.

ಆಗಸ್ಟಿನಲ್ಲಿ ಹುನಗುಂದದಲ್ಲಿ ತಾಲೂಕು ಮಟ್ಟದ ಭಾಷಣ ಸ್ಪರ್ಧೆ ಇತ್ತು. ಮುತ್ತವ್ವ ತಾನೇ ಮುಂದೆ ಬಂದು ಹೆಸರು ಕೊಟ್ಟಳು. ನನಗೆ ಆಸೆ ಚಿಗುರಿತು. ವೇದಿಕೆಯ ಮೇಲೆ ಏಳು ನಿಮಿಷ ಒಂದು ತಪ್ಪಿಲ್ಲದೆ, ಒಂದು ಕಡೆ ತಡವರಿಸದೆ ಮಾತಾಡಿದಳು. ಮೊದಲ ಬಹುಮಾನ ಬಂತು. ತೀರ್ಪುಗಾರರೊಬ್ಬರು ನನ್ನ ಕೈ ಕುಲುಕಿ, "ಎಷ್ಟು ಶುದ್ಧ ಕನ್ನಡಾರಿ ಟೀಚರ್! ಈ ಕಡೀ ಹುಡುಗಿ ಅಂತ ಗೊತ್ತಾಗೂದೇ ಇಲ್ಲ," ಎಂದರು. ಮರಳುವಾಗ ಬಸ್ಸಿನಲ್ಲಿ ಕಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಖುಷಿಯಾಯಿತೇನು ಎಂದು ಕೇಳಿದೆ. "ಆಗಿದೆ, ಟೀಚರ್," ಎಂದಳು. ಇಷ್ಟು ವರ್ಷ ಕನ್ನಡ ಕಲಿಸಿದ್ದಕ್ಕೆ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಈಗ ನಿಮ್ಮ ಕಂಪನಿಯಿಂದ ಮತ್ತೆ ಕಾಗದ ಬಂದಿದೆ. ಧಾರಾವಾಹಿ ಗೆದ್ದಿದೆ, ಎರಡನೇ ಭಾಗ ಮಾಡುತ್ತಾರೆ, ಡಿಸೆಂಬರಿನಲ್ಲಿ ಪಟ್ಟದಕಲ್ಲಿನಲ್ಲಿ ಚಿತ್ರೀಕರಣ, ಇರಾ ಬೇಕೇ ಬೇಕು. ವೀರೇಶ ಹರಿದುಹಾಕಲು ಹೊರಟಿದ್ದ. ಮುತ್ತವ್ವ ಕಾಗದ ಕಸಿದುಕೊಂಡು, ತಾನು ಹೋಗುತ್ತೇನೆ ಎಂದಳು. ಯಾಕೆ ಎಂದು ನಾನು ಕೇಳಿದ್ದಕ್ಕೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಅಲ್ಲಿ ನಾನು ಬಾಯಿ ಆಡಿಸಿದರೆ ಸಾಕು, ಟೀಚರ್. ಮಾತನಾಡುವ ಅಗತ್ಯವಿಲ್ಲ."

ಹದಿನೈದು ವರ್ಷದ ಹುಡುಗಿ ಇದು ಪ್ರಾಚಿ.

ನೀನು ಇಲ್ಲಿಗೆ ಬಾ. ಚಾನೆಲ್‌ನವರನ್ನು ಕರೆತರಬೇಡ, ಒಬ್ಬಳೇ ಬಾ. ಅವಳೆದುರು ಕೂತು, ಅವಳ ದನಿ ಯಾಕೆ ತೆಗೆದರು ಎಂದು ನಿನ್ನ ಬಾಯಿಂದಲೇ ಹೇಳು. ಎರಡನೇ ಭಾಗದಲ್ಲಿ ಅವಳ ಮಾತು ಅವಳೇ ಆಡಬೇಕೆಂದು ಬರೆಸಿಕೊಂಡು ಬಾ. ಅಷ್ಟು ಧೈರ್ಯವಿಲ್ಲದಿದ್ದರೆ, ಅದನ್ನೂ ಅವಳೆದುರಿಗೇ ಹೇಳು. ಬೆಂಗಳೂರಿನಲ್ಲಿ ಕೂತು ನೀಲಿ ಗೀಟು ಕಳಿಸುವುದು ಸಾಕು.

ಇನ್ನೇನು ಬರೆಯಲಿ? ಸಿಟ್ಟು ಇಳಿದಿಲ್ಲ. ಪೆನ್ನಿನ ಶಾಯಿ ಮುಗಿಯುತ್ತ ಬಂತು.

ನಿನ್ನ ಗೆಳತಿಯಾಗಿಯೇ ಇರಲು ಇನ್ನೂ ಹೆಣಗುತ್ತಿರುವ,
ಸುಮಾ

ಮರೆತ ಮಾತು: ಮರೆತದ್ದಲ್ಲ, ಬರೆಯದೇ ಬಿಟ್ಟದ್ದು. ಲಕೋಟೆ ಅಂಟಿಸಿ ಮೂರು ದಿನ ಮೇಜಿನ ಮೇಲಿಟ್ಟು, ಈಗ ಮತ್ತೆ ಒಡೆದು ಬರೆಯುತ್ತಿದ್ದೇನೆ. ನಿನಗೆ ಗೊತ್ತಿರಲಿಲ್ಲ ಎಂಬುದು ನಿಜ. ಅದು ನಿಜವೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಏಪ್ರಿಲ್ ರಜೆಯಲ್ಲಿ ಡಬ್ಬಿಂಗ್ ಸ್ಟುಡಿಯೋದವರು ನೇರವಾಗಿ ನನಗೇ ಫೋನ್ ಮಾಡಿದ್ದರು. ಹನ್ನೆರಡು ಕಂತುಗಳ ಮಾತು ಕಳಿಸಿ, ಇಷ್ಟನ್ನು ನಿಮ್ಮ ಕಡೆಯ ಭಾಷೆಗೆ ತಿರುಗಿಸಿ, ಪ್ರಾಚಿ ಮೇಡಮ್ಮಿಗೆ ಆಮೇಲೆ ಹೇಳುತ್ತೇವೆ ಅಂದರು. ಮೊದಲ ಪುಟ ನೋಡಿದಾಗಲೇ ಅವು ಇರಾಳ ಮಾತುಗಳು ಎಂದು ತಿಳಿಯಿತು, ಏನು ಮಾಡಹೊರಟಿದ್ದಾರೆ ಎಂಬುದೂ ತಿಳಿಯಿತು. ಆದರೂ ಎಂಟು ದಿನ ಕೂತು ಬರೆದುಕೊಟ್ಟೆ. 'ಸಂಭಾಷಣೆ: ಸುಮಾ' ಎಂದು ಪರದೆಯ ಮೇಲೆ ಹೆಸರು ಹಾಕುತ್ತೇವೆ ಅಂದಿದ್ದರು. ಹಾಕಿದ್ದಾರೆ, ಕೊನೆಯಲ್ಲಿ ಸರ್ರನೆ ಹೋಗುತ್ತದೆ, ಯಾರೂ ನೋಡಿಲ್ಲ. ಆ ಭಾನುವಾರ ನಾನೂ ಚುರುಮುರಿ ತಿನ್ನುತ್ತ, ಏನೂ ಗೊತ್ತಿಲ್ಲದವಳ ಹಾಗೆ ಅವರ ನಡುವೆ ಕೂತಿದ್ದೆ.

ಇವತ್ತು ಶಾಲೆ ಬಿಟ್ಟ ಮೇಲೆ ಮುತ್ತವ್ವನನ್ನು ನಿಲ್ಲಿಸಿಕೊಂಡು ಎಲ್ಲ ಹೇಳಿದೆ. ಅವಳು ಚೀಲ ಹೆಗಲಿಗೇರಿಸಿ, ಇಡೀ ವರಾಂಡಕ್ಕೆ ಕೇಳುವ ಹಾಗೆ ಅಂದಳು: "ನೀವ್ ನಂಗ ಯಾಕ ಹೇಳಲಿಲ್ರಿ ಟೀಚರ್? ನಾ ನಿಮ್ಮನ್ನ ನಂಬಿ ಹೋಗಿದ್ನಲ್ರೀ! ನಿಮ್ಮ ಕೂಡ ನಾ ಇನ್ನ ಮಾತಾಡಂಗಿಲ್ಲ, ಹೋಗ್ರಿ."

ಅಳುತ್ತ ಓಡಿಹೋದಳು. ಆ ಮಾತಿನಲ್ಲಿ ಒಂದಾದರೂ ಪುಸ್ತಕದ ಶಬ್ದವಿತ್ತೇ, ನೀನೇ ಹೇಳು.