ಬೋಳುಗೊರಳಿನವಳ ಮೊದಲ ಮಣಿ

ಬೆಟಗೇರಿ,
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ನೂರ ಹನ್ನೆರಡು

ಮುತ್ತಜ್ಜಿ ಅನಸೂಯಾಗೆ ಶಾಂಭವಿಯ ನಮಸ್ಕಾರ.

ತಾರೀಖು ನೋಡಿ ಇದು ಯಾರದೋ ಚೇಷ್ಟೆ ಎಂದು ಪತ್ರ ಅಳಿಸಿಹಾಕಬೇಡ. ನಮ್ಮ ಪಂಚಾಂಗದಲ್ಲಿ ಹನ್ನೆರಡೂ ತಿಂಗಳಿಗೆ ಮೂವತ್ತು ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಬರುತ್ತವೆ. ನಿನಗೀಗ ಇಪ್ಪತ್ನಾಲ್ಕು, ನನಗೆ ಮೂವತ್ತನಾಲ್ಕು. ನನ್ನ ಅಜ್ಜಿ ನಿನ್ನ ತೊಡೆಯ ಮೇಲಿನ ಕೂಸು. ಹೀಗಿರುವಾಗ ನಿನ್ನನ್ನು ಮುತ್ತಜ್ಜಿ ಎನ್ನುವುದು ವಿಚಿತ್ರ, ತಂಗಿ ಎನ್ನುವುದು ಇನ್ನೂ ವಿಚಿತ್ರ. ನನ್ನ ಮಾತಿನಲ್ಲಿ ನಿನಗೆ ತಿಳಿಯದ ಪದಗಳು ಬಂದರೆ ಮನ್ನಿಸು. ನಮಗೆ ಅವು ಉಪ್ಪು, ಸಾಸಿವೆಯಷ್ಟೇ ಸಾಮಾನ್ಯವಾಗಿವೆ.

ನೀನು ಈ ವಾರ ಆನ್‌ಲೈನಿನಲ್ಲಿ ಒಂದು ಖಾತೆ ತೆರೆದು, ಕಸೂತಿಯ ನಕ್ಷೆಗಳನ್ನು ಬರೆದುಕೊಡುತ್ತೇನೆ ಎಂದು ಹಾಕಿ, ಮೊದಲ ಗಿರಾಕಿಗಾಗಿ ಕಾಯುತ್ತಿದ್ದೀಯ ಎಂಬುದು ಅಜ್ಜಿಯಿಂದ ಗೊತ್ತು. ನಾನೂ ಕಳೆದ ವರ್ಷ ಹಾಗೆಯೇ ಕಾದವಳು. ಆಗ ನಡೆದದ್ದನ್ನು ಹೇಳುತ್ತೇನೆ.

ನಾನು ಗದಗಿನ ದಾಖಲೆಮನೆಯಲ್ಲಿ ಹಳೆಯ ಕೈಬರಹ ಓದುವ ಕೆಲಸದಲ್ಲಿದ್ದೆ. ನಮ್ಮ ಕಾಲದವರಿಗೆ ಕೈಬರಹ ಬಾರದು, ಬರೆಯುವವರೂ ಇಲ್ಲ. ಯಂತ್ರಗಳು ಓದುತ್ತವೆ ನಿಜ, ಆದರೆ ತಿಳಿಯದ ಕಡೆ ನಿಲ್ಲುವುದಿಲ್ಲ; ತೋಚಿದ್ದನ್ನು ತಿಳಿದಂತೆಯೇ ತುಂಬಿ ಮುಂದೆ ಹೋಗುತ್ತವೆ. ಹೊಸ ಔಷಧಗಳಿಗೆ ರೋಗಗಳು ಬಗ್ಗದೆ ಹೋದ ಮೇಲೆ ಜನ ಅಟ್ಟದ ಮೇಲಿನ ಹಳೆಯ ವಹಿಗಳನ್ನು ಇಳಿಸತೊಡಗಿದರು. ಹಾಗಾಗಿ ನನ್ನಂಥವರಿಗೆ ಕೆಲಸವಿತ್ತು. ದಾಖಲೆಮನೆ ಮುಚ್ಚಿದಾಗ ನಾನು ಮತ್ತು ನನ್ನ ಜೊತೆಯ ಮೇಜಿನಲ್ಲಿ ಹನ್ನೊಂದು ವರ್ಷ ಕೂತಿದ್ದ ಹುಸೇನಬಿ ಒಂದೇ ದಿನ ಮನೆಗೆ ಬಂದೆವು, ಒಂದೇ ದಿನ ಕೆಲಸಕಟ್ಟೆಗೆ ಹೆಸರು ಹಾಕಿದೆವು.

ಕೆಲಸಕಟ್ಟೆ ಎಂದರೆ ನಿನ್ನ ಕಾಲದ ಆ ತಾಣಗಳ ಮೊಮ್ಮಗ. ಕೆಲಸ ಕೊಡುವವರು ಅಲ್ಲಿ ಬರೆಯುತ್ತಾರೆ, ಬೇಕಾದವರು ಕೋರಿಕೆ ಕಳಿಸುತ್ತಾರೆ. ಒಂದು ಕೆಲಸ ಒಪ್ಪಿಗೆಯಾಗಿ ಮುಗಿದರೆ ಹೆಸರಿನ ಪಕ್ಕ ಒಂದು ಮಣಿ ಮೂಡುತ್ತದೆ. ಮಣಿಯೇ ಇಲ್ಲದ ಹೊಸಬರನ್ನು ಬೋಳುಗೊರಳಿನವರು ಎನ್ನುತ್ತಾರೆ. ನಿನ್ನ ಕಾಲದಲ್ಲಿ ಆ ಮಾತಿಗೆ ಬೇರೆ ನೋವಿನ ಅರ್ಥವಿತ್ತೆಂದು ಬಲ್ಲೆ, ಕ್ಷಮಿಸು. ತೊಂಬತ್ತು ದಿನದಲ್ಲಿ ಒಂದಾದರೂ ಮಣಿ ಬೀಳದಿದ್ದರೆ ಹೆಸರು ಕರೆಪಟ್ಟಿಗೆ ಹೋಗುತ್ತದೆ. ಆ ಪಟ್ಟಿಯವರು ಕಾರವಾರದ ಕಡಲಗೋಡೆಗೆ ಮೂರು ವರ್ಷ ಕಲ್ಲು ಹೊರಲು ಹೋಗಲೇಬೇಕು. ನನ್ನ ಗಂಡ ಆಗಲೇ ಅಲ್ಲಿದ್ದ. ನಾನೂ ಹೋದರೆ ಆರು ವರ್ಷದ ಮುಕ್ತಾಳನ್ನು ಮಕ್ಕಳ ಬಿಡಾರಕ್ಕೆ ಸೇರಿಸಬೇಕಿತ್ತು. ಅಲ್ಲಿಂದ ಮರಳಿದ ಮಕ್ಕಳು ತಾಯಿಯನ್ನು ಬಹುವಚನದಲ್ಲಿ ಮಾತಾಡಿಸುವುದನ್ನು ನಾನು ನಮ್ಮ ಓಣಿಯಲ್ಲೇ ಕಂಡಿದ್ದೆ.

ಮೊದಲ ಇಪ್ಪತ್ತು ಕೋರಿಕೆಗಳಲ್ಲಿ ನಾನು ನನ್ನ ಬಗ್ಗೆಯೇ ಬರೆದೆ. ಎಷ್ಟು ವರ್ಷದ ಅನುಭವ, ಎಂಥ ಎಂಥ ಬರಹ ಓದಿದ್ದೇನೆ, ಎಲ್ಲಾ. ಯಾರೂ ತೆರೆದು ಕೂಡ ನೋಡಲಿಲ್ಲ. ಬಳಿಕ ಸಂಬಳ ತೀರ ಇಳಿಸಿದೆ. ಇದರಲ್ಲೇನೋ ಮೋಸವಿದೆ ಎಂದು ಒಬ್ಬರು ನೇರವಾಗಿ ಬರೆದರು. ನಲವತ್ತು ಕೋರಿಕೆ ದಾಟಿದ ಮೇಲೆ ಬುದ್ಧಿ ಬಂತು. ಅವರು ಹಾಕಿದ್ದನ್ನು ಎರಡು ಸಲ ಓದಿ, ಅವರ ವಹಿಯ ಬಗ್ಗೆಯೇ ಒಂದು ಪ್ರಶ್ನೆ ಕೇಳಿ, ನಾಲ್ಕು ಸಾಲಿನಲ್ಲಿ ಮುಗಿಸತೊಡಗಿದೆ. ಆಗ ಉತ್ತರಗಳು ಬಂದವು, ಆದರೆ ಎಲ್ಲದರ ಕೊನೆಗೂ ಒಂದೇ ಮಾತು: ನಿಮಗೆ ಮಣಿ ಇಲ್ಲವಲ್ಲ.

ಈ ನಡುವೆ ಹುಸೇನಬಿ ಮತ್ತು ನಾನು ಮಾತು ಬಿಟ್ಟೆವು. ಜಗಳವೇನೂ ಆಗಿರಲಿಲ್ಲ. ಇಬ್ಬರದೂ ಒಂದೇ ಕಸುಬು, ಇಬ್ಬರೂ ಅದೇ ಕೆಲಸಗಳಿಗೆ ಕೋರಿಕೆ ಹಾಕುವವರು. ನನ್ನ ಪ್ರಶ್ನೆಗಳನ್ನು ಅವಳು ಕದಿಯುತ್ತಾಳೆ ಎಂದು ನನಗೆ ಅನುಮಾನ. ನಾನು ಸಂಬಳ ಇಳಿಸಿ ಅವಳ ಹೊಟ್ಟೆಯ ಮೇಲೆ ಹೊಡೆದೆ ಎಂದು ಅವಳಿಗೆ. ನಲ್ಲಿಯ ಹತ್ತಿರ ಸಿಕ್ಕರೆ ಕೊಡದ ಕಡೆ ನೋಡಿಕೊಂಡು ನಿಲ್ಲುತ್ತಿದ್ದೆವು.

ಎಪ್ಪತ್ತೊಂದನೆಯ ದಿನ ಸುವರ್ಣಾಕ್ಷರ ಬಳಗ ಎಂಬವರಿಂದ ಸಂದೇಶ ಬಂತು. ಹೆಸರಿನ ಪಕ್ಕ ಎಂಟುನೂರು ಮಣಿ. ಬರೆದವಳು ಮಧುರಾ ಎಂಬ ಸಂಯೋಜಕಿ. ನನ್ನ ಕೋರಿಕೆ ಓದಿ ಅವಳ ಮನಸ್ಸು ತುಂಬಿ ಬಂದಿತಂತೆ. ದೊಡ್ಡ ಕೆಲಸವಿದೆ, ನೂರಾರು ಪುಟ, ಮೊದಲು ಪರೀಕ್ಷೆಗೆಂದು ಒಂದೇ ಒಂದು ಪುಟ ಓದಿಕೊಡಿ, ಒಪ್ಪಿಗೆಯಾದರೆ ಎಲ್ಲವೂ ನಿಮ್ಮದೇ ಎಂದಿದ್ದಳು. ಇಷ್ಟು ಸಿಹಿ ಏಕೆ ಎಂದು ನನಗೆ ಅನಿಸಿತು, ಸುಳ್ಳು ಹೇಳುವುದಿಲ್ಲ. ಅನಿಸಿದ್ದನ್ನು ಬದಿಗೆ ಸರಿಸಿದೆ. ಪುಟದ ಚಿತ್ರ ಬಂತು: ದನಗಳ ಮದ್ದಿನ ಹಳೆಯ ವಹಿ, ಮಾಸಿದ ಮಸಿ, ಅವಸರದ ಕೈ. ಕೊನೆಯ ಸಾಲು ಹೀಗಿತ್ತು: ಜಂತುಹುಳಕ್ಕೆ ಒಂದು ಗಿಂಡಿ ಕಳ್ಳಿಹಾಲು ಹಳೇ ಬೆಲ್ಲದಾಗ ಕಲಸಿ. ಗಿಂಡಿ ಎಂಬಲ್ಲಿ ಕಣ್ಣು ಒಮ್ಮೆ ತಡೆಯಿತು. ಕಳ್ಳಿಹಾಲಿಗೆ ಗಿಂಡಿ ಸರಿಯಾಗಿಯೇ ಇದೆ ಎಂದುಕೊಂಡು ಬರೆದು ಕಳಿಸಿದೆ. ತಿಳಿಯದ ಗುರುತು ಹಾಕಿದರೆ ಪರೀಕ್ಷೆಯಲ್ಲಿ ಸೋಲುತ್ತೇನೆಂಬ ಭಯವೂ ಇತ್ತು. ಎರಡು ದಿನದ ಮೇಲೆ ಉತ್ತರ: ನಿಮ್ಮ ಓದು ನಮ್ಮ ಮಟ್ಟ ಮುಟ್ಟಲಿಲ್ಲ, ಶುಭವಾಗಲಿ.

ಎಂಬತ್ತನೆಯ ದಿನ ಮಧ್ಯಾಹ್ನ ಖಾನಾವಳಿಯಲ್ಲಿ ಜಾಗವಿಲ್ಲದೆ ಹುಸೇನಬಿಯ ಎದುರೇ ಕೂರಬೇಕಾಯಿತು. ರೊಟ್ಟಿ ಮುರಿಯುತ್ತ ಅವಳೇ ಕೇಳಿದಳು.

“ನಿನಗೂ ಆ ಬಳಗದವರ ಹಾಳಿ ಬಂದಿತ್ತೇನು?”

“ಯಾವ ಬಳಗ?” ಎಂದೆ.

“ಸುಳ್ಳ ಹೇಳಬ್ಯಾಡ ಶಾಂಭವಿ. ನನಗೂ ಬಂದಿತ್ತು. ಮಟ್ಟ ಮುಟ್ಟಲಿಲ್ಲ ಅಂದ್ರು. ಹನ್ನೊಂದ ವರ್ಷದಾಗ ನನಗ ಯಾರೂ ಹಂಗ ಅಂದಿಲ್ಲ.”

ಅವಳ ಕಣ್ಣಲ್ಲಿ ನೀರಿತ್ತು. ನನ್ನ ಪುಟವನ್ನು ತೋರಿಸಿದೆ. ಅವಳು ಓದಿ, ತನ್ನ ಪುಟವನ್ನು ತೆಗೆದು ಪಕ್ಕಕ್ಕಿಟ್ಟಳು. ನನ್ನ ಕೊನೆಯ ಸಾಲು ನಿಂತಲ್ಲಿಂದಲೇ ಅವಳದು ಶುರುವಾಗಿತ್ತು: ಉಂಡಿ ಮಾಡಿ ನುಂಗಿಸಬೇಕು. ಒಂದೇ ವಹಿ. ಒಬ್ಬೊಬ್ಬ ಹೊಸಬರಿಗೆ ಒಂದೊಂದು ಪುಟ ಪರೀಕ್ಷೆಯೆಂದು ಕೊಟ್ಟು, ಎಲ್ಲರನ್ನೂ ಫೇಲು ಮಾಡಿ, ಇಡೀ ವಹಿಯನ್ನು ಪುಕ್ಕಟೆ ಓದಿಸಿಕೊಂಡಿದ್ದರು.

ನನಗೆ ಸಿಟ್ಟು ಬರುವುದರೊಳಗೆ ಹುಸೇನಬಿ ನನ್ನ ಹಾಳೆಯ ಮೇಲೆ ಬೆರಳಿಟ್ಟಳು. “ಗಿಂಡಿ ಅಂತ ಓದೀಯಲ್ಲ, ಒಂದು ಗಿಂಡಿ ಕಳ್ಳಿಹಾಲಾಗ ಉಂಡಿ ಹೆಂಗ ಕಟ್ತಾರ?” ಅವಳ ಪುಟದಲ್ಲಿ ಎರಡು ಗುಂಜಿ ಇಂಗು, ಮೂರು ಗುಂಜಿ ಅಜವಾನ ಎಂದು ಸ್ಪಷ್ಟವಾಗಿಯೇ ಇತ್ತು. ಬರೆದಾಕೆ ಗುಕಾರದ ಕೊಂಬನ್ನು ಮೇಲಕ್ಕೆಳೆಯುವವಳು; ಅವಳ ಅವಸರದ ಕೈಯಲ್ಲಿ ಗುಂಜಿ ಗಿಂಡಿಯಂತೆ ಕಾಣುತ್ತಿತ್ತು. ಗುಂಜಿ ಎಂದರೆ ಒಂದು ಕಾಳಿನ ತೂಕ. ನಾನು ಅದನ್ನು ಒಂದು ಪಾತ್ರೆ ವಿಷ ಮಾಡಿದ್ದೆ.

ಅಲ್ಲಿಯೇ ಕೂತು ಬಳಗಕ್ಕೆ ಬರೆದೆ. ಉತ್ತರ ಬರಲಿಲ್ಲ, ಮರುದಿನ ನೋಡಿದರೆ ನನ್ನ ಸಂದೇಶಗಳು ಅವರಿಗೆ ಹೋಗದಂತೆ ತಡೆದಿದ್ದರು. ಹುಸೇನಬಿಯ ಪುಟದ ಅಂಚಿನಲ್ಲಿ ‘ಶಿರಹಟ್ಟಿ, ದೊಡ್ಡ ಬಾವಿ ಗೌಡರ ಮನಿ’ ಎಂದಿತ್ತು. ಆ ಮನೆಯ ವಿಳಾಸ ಹುಡುಕಿ ಪತ್ರ ಹಾಕಿದೆ. ಅದಕ್ಕೂ ಉತ್ತರವಿಲ್ಲ. ಬೇರೊಬ್ಬರ ಗಿರಾಕಿಯನ್ನು ಕಟ್ಟೆಯ ಹೊರಗೆ ಭೇಟಿಯಾದರೆ ಹೆಸರನ್ನು ಶಾಶ್ವತವಾಗಿ ಅಳಿಸುತ್ತಾರೆ. ನನಗೆ ಉಳಿದಿದ್ದು ಎಂಟು ದಿನ. ಸುಮ್ಮನಿದ್ದರೆ ತಪ್ಪು ಬಳಗದ್ದು, ಯಾರೂ ನನ್ನ ಹೆಸರು ಹೇಳುವುದಿಲ್ಲ ಎಂಬ ಯೋಚನೆ ಇಡೀ ದಿನ ನನ್ನ ತಲೆಯಲ್ಲಿತ್ತು. ಸಂಜೆ ಹುಸೇನಬಿ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. “ನಾಳೆ ಮುಂಜಾನೆ ನಾ ಹೊಂಟೀನಿ. ನೀ ಬರ್ತೀಯೋ ಇಲ್ಲೋ?” ಎಂದಳು.

ಶಿರಹಟ್ಟಿಯ ದ್ಯಾಮನಗೌಡರಿಗೆ ಎಪ್ಪತ್ತರ ಮೇಲೆ ವಯಸ್ಸು. ನಲವತ್ತು ಎಮ್ಮೆಗಳ ಕೊಟ್ಟಿಗೆಯ ಮುಂದೆ ಗೇಟಿನ ಅಗಳಿ ತೆಗೆಯದೆಯೇ ಮಾತಾಡಿದರು.

“ಏನ್ ಮಾರಾಕ ಬಂದೀರಿ?”

“ಏನೂ ಮಾರಾಕ ಬಂದಿಲ್ರಿ ಗೌಡ್ರ. ನಿಮ್ಮ ವಹಿಯಾಗ ಜಂತುಹುಳದ ಮದ್ದ ಐತಲ್ರಿ, ಅದನ್ನ ಎಮ್ಮಿಗೆ ಕೊಡಬ್ಯಾಡ್ರಿ,” ಎಂದೆ.

ಅವರ ಮುಖ ಗಟ್ಟಿಯಾಯಿತು. “ಬಳಗದವರು ಮೊದಲಽ ಬರದಾರ. ಕೆಲಸ ಸಿಗದವರು ನಿಮ್ಮ ಬಾಗಲಿಗೆ ಬಂದು ಏನೇನರ ಹೇಳ್ತಾರ, ನಂಬಬ್ಯಾಡ್ರಿ ಅಂತ. ತಪ್ಪ ಓದಿದವರು ಯಾರು, ಹೇಳು ನೋಡೋಣು.”

“ನಾನಽ ರೀ,” ಎಂದೆ.

ಅವರು ಅಗಳಿ ತೆಗೆದರು. ಒಳಗೆ ಹೋಗಿ ಮೂಲ ವಹಿಯನ್ನೇ ತಂದರು. ನಂಬಿ ತಂದದ್ದಲ್ಲ. ಹುಸೇನಬಿಯನ್ನು ದೂರದ ನೀರಿನ ತೊಟ್ಟಿಯ ಹತ್ತಿರ ನಿಲ್ಲಿಸಿ, ತಮಗೆ ಬೇಕಾದ ಪುಟ ತೆರೆದು ನನಗೆ ಹತ್ತು ಸಾಲು ಓದಿಸಿದರು, ಒಂದೊಂದನ್ನೂ ಧ್ವನಿಮುದ್ರಿಸಿಕೊಂಡರು. ಆಮೇಲೆ ನನ್ನನ್ನು ತೊಟ್ಟಿಯ ಹತ್ತಿರ ಕಳಿಸಿ ಅದೇ ಸಾಲುಗಳನ್ನು ಅವಳಿಂದ ಓದಿಸಿದರು. ಬಿಸಿಲು ನೆತ್ತಿಗೇರಿತ್ತು. ಎಂಟನೆಯ ಸಾಲಿನ ಒಂದು ಬೇರಿನ ಹೆಸರು ಮಸಿ ಹರಡಿ ಕೆಟ್ಟಿತ್ತು. ನಾನು ತಿಳಿಯವಲ್ದು ಎಂದಿದ್ದೆ. ಎಷ್ಟು ಗದರಿಸಿದರೂ ಅವಳೂ ಹಾಗೆಯೇ ಎಂದಳಂತೆ.

ಗೌಡರು ಬಳಗದವರು ಕೊಟ್ಟಿದ್ದ ಪ್ರತಿಯನ್ನು ತಂದು ಆ ಸಾಲನ್ನು ತೋರಿಸಿದರು. ಅಲ್ಲಿ ಆ ಬೇರಿಗೆ ಒಂದು ಹೆಸರು ಸೊಗಸಾಗಿ ಅಚ್ಚಾಗಿತ್ತು. ನೂರ ನಲವತ್ತು ಪುಟಗಳಲ್ಲಿ ಒಂದು ಕಡೆಯೂ ತಿಳಿಯದ್ದು ಎಂಬ ಗುರುತೇ ಇರಲಿಲ್ಲ.

“ನಮ್ಮಜ್ಜಿ ಕೈ ಬರಹ ನಮ್ಮಪ್ಪಗೂ ಪೂರಾ ತಿಳೀತಿರಲಿಲ್ಲ,” ಎಂದರು. ಬಳಿಕ ಹಿತ್ತಲ ಕಡೆ ಕೈ ತೋರಿಸಿ, ಬೇರೆ ಯಾರಿಗೋ ಹೇಳುವಂತೆ, “ಉಂಡಿ ಕಟ್ಟಾಕ ಬರಲಿಲ್ಲ, ಮೊನ್ನೆ ಒಂದು ಮಣಕ ಎಮ್ಮಿಗೆ ಹಂಗಽ ಕುಡಿಸಿದೆ. ಒದ್ದಾಡಿ ಸತ್ತಿತು. ಹುಳದಿಂದಽ ಸತ್ತೈತಿ ಅಂದ್ಕೊಂಡಿದ್ದೆ. ಇವತ್ತ ಉಳಿದಾವಕ್ಕ ಕುಡಸಾಂವ ಇದ್ದೆ,” ಎಂದರು.

ಬೇವಿನ ಮರದ ಕೆಳಗೆ ಹೊಸ ಮಣ್ಣು ಗುಡ್ಡೆಯಾಗಿತ್ತು. ನಾನು ಅಲ್ಲಿಗೆ ಹೋಗಿ ನಿಂತೆ. ಕೊಟ್ಟಿಗೆಯಲ್ಲಿ ಮೂವತ್ತೊಂಬತ್ತು ಎಮ್ಮೆಗಳು ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ಗೌಡರ ಹೆಂಡತಿ ನನ್ನ ಕೈಗೆ ಮಜ್ಜಿಗೆಯ ಲೋಟ ಕೊಟ್ಟರು. ಅದನ್ನು ಕುಡಿಯಲು ನನಗೆ ಬಹಳ ಹೊತ್ತು ಹಿಡಿಯಿತು.

ಎಂಬತ್ತೆಂಟನೆಯ ದಿನ ದ್ಯಾಮನಗೌಡರು ತಮ್ಮ ಹೆಸರಿನಲ್ಲೇ ಕೆಲಸಕಟ್ಟೆಯಲ್ಲಿ ವಹಿಯನ್ನು ಹಾಕಿ, ಮೊದಲ ಅರ್ಧ ನನಗೆ, ಉಳಿದರ್ಧ ಹುಸೇನಬಿಗೆ ಎಂದು ಬರೆದರು. ಕಟ್ಟೆಯವರು ನಮ್ಮನ್ನು ಕರೆಸಿ ಪರಿಚಯ ಹೇಗಾಯಿತೆಂದು ಮೂರು ಸಲ ಕೇಳಿದರು. ಗೌಡರು ತಾವೇ ನಮ್ಮನ್ನು ಹುಡುಕಿಕೊಂಡು ಬಂದುದಾಗಿ ಬರೆದುಕೊಟ್ಟರು. ಅದು ಸುಳ್ಳು, ನನಗೆ ಗೊತ್ತು. ಮೊದಲ ಕಂತಿನ ಕೆಲಸವೆಂದು ತಲಾ ಹತ್ತು ಪುಟ ಓದಿ ಒಪ್ಪಿಸಿದಾಗ, ಗಡುವಿನ ಕೊನೆಯ ದಿನ, ಇಬ್ಬರಿಗೂ ಮಣಿ ಬಿತ್ತು. ಅದರ ಜೊತೆಗೆ ಗೌಡರು ಬರೆದದ್ದು ಒಂದೇ ಸಾಲು: ಇವರು ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾರ. ಆ ಸಾಲಿನಿಂದ ನನಗೆ ಇಂದಿಗೂ ಗಿರಾಕಿಗಳು ಬರುತ್ತಾರೆ. ಮುಕ್ತಾ ನನ್ನ ಬಳಿಯೇ ಇದ್ದಾಳೆ, ಏಕವಚನದಲ್ಲೇ ಜಗಳವಾಡುತ್ತಾಳೆ.

ಮುತ್ತಜ್ಜಿ, ನಿನ್ನಲ್ಲಿ ನನ್ನ ಕೋರಿಕೆ ಇಷ್ಟೇ. ಮಾದರಿ ಕೇಳಿದವರಿಗೆ ನೀನೇ ಮೊದಲು ಬರೆದಿಟ್ಟ ನಕ್ಷೆ ತೋರಿಸು. ಅವರ ಕೆಲಸದ ತುಣುಕನ್ನು ಪರೀಕ್ಷೆಯೆಂದು ಮಾಡಿಕೊಡಬೇಡ. ಎಷ್ಟು ಹೊಗಳಿದರೂ, ಇದು ಕೊನೆಗೆ ಯಾರ ಕೈ ಸೇರುತ್ತದೆ ಎಂದು ಕೇಳು. ಉತ್ತರ ಬಾರದಿದ್ದರೆ ಎದ್ದು ಬಾ. ನಿನ್ನ ಪಕ್ಕದಲ್ಲಿ ಅದೇ ಕೆಲಸಕ್ಕೆ ಕಾಯುತ್ತಿರುವವಳನ್ನು ಮಾತಾಡಿಸು. ಅವಳ ಮೇಲೆ ನಿನಗಿರುವ ಅನುಮಾನ ಯಾರಿಗೆ ಲಾಭವೆಂದು ಒಮ್ಮೆ ಯೋಚಿಸು. ಇವೆಲ್ಲಕ್ಕಿಂತ ಹೆಚ್ಚಾಗಿ, ಗಿರಾಕಿ ಕೈತಪ್ಪೀತೆಂಬ ಭಯಕ್ಕೆ ತಿಳಿಯದ್ದನ್ನು ತಿಳಿದಂತೆ ಬರೆಯಬೇಡ. ನಾನು ಒಮ್ಮೆ ಬರೆದಿದ್ದೇನೆ.

ಸುವರ್ಣಾಕ್ಷರ ಬಳಗ ಹೆಸರು ಬದಲಿಸಿಕೊಂಡು ಈಗಲೂ ಕಟ್ಟೆಯ ಮೇಲಿದೆ, ಮಣಿ ಸಾವಿರ ದಾಟಿವೆ. ಅವರಿಗೆ ಏನೂ ಆಗಲಿಲ್ಲ. ನಿನ್ನ ಕಾಲದಲ್ಲಿ ಅವರ ಹೆಸರು ಏನೋ ನಾನರಿಯೆ. ಬಹುಶಃ ಈ ಹೊತ್ತಿಗೆ ನಿನಗೊಂದು ಸಿಹಿಯಾದ ಸಂದೇಶ ಬಂದಿರಬಹುದು. ಉತ್ತರ ಬರೆಯುವ ಮೊದಲು ಕೂಸಿಗೆ ಹಾಲು ಕುಡಿಸಿ ಮಲಗಿಸು, ಅದು ನನ್ನ ಅಜ್ಜಿ. ಆಮೇಲೆ ಅವರು ಕಳಿಸಿದ್ದನ್ನು ಇನ್ನೊಮ್ಮೆ ಓದು.

ನಿನ್ನ ಮರಿಮಗಳು,
ಶಾಂಭವಿ ಮುಳಗುಂದ