ಹೊರಡಲಾರದ ಕಾಲು

ಭಾನುವಾರ, ಮಧ್ಯಾಹ್ನ

ಮುದ್ದು ಪುಟ್ಟಿ,

ಹೇಗಿದ್ದೀಯಮ್ಮ? ಹೊಟ್ಟೆಯೊಳಗಿನ ಪುಟಾಣಿ ಈಗಲೂ ಒದೆಯುತ್ತದೆಯೇ? ಹೆರಿಗೆಗೆ ನನಗೆ ಬರಲಾಗುವುದಿಲ್ಲ ಮಗಳೇ. ಹೇಗೆ ಹೇಳಲಿ ಎಂದು ವಾರವೆಲ್ಲ ಒದ್ದಾಡಿದೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನೂ ಅಳುತ್ತೇನೆ.

ಹೋದ ವಾರ ಪಾರ್ಲರಿನಲ್ಲಿ ಟೀಚರಮ್ಮನ ಕೂದಲು ಕತ್ತರಿಸುತ್ತಿದ್ದೆ. ಚಪ್ಪಲಿ ಒದ್ದೆಯಾದಂತಾಯಿತು. ನೀರು ಚೆಲ್ಲಿದೆ ಅಂದುಕೊಂಡೆ. ನೋಡಿದರೆ ರಕ್ತ! ಪಾದದ ಗಂಟಿನ ಹತ್ತಿರ ಉಬ್ಬಿಕೊಂಡಿದ್ದ ನರ ಒಡೆದಿತ್ತು. ಗರಬಡಿದವಳಂತೆ ಕತ್ತರಿ ಹಿಡಿದು ನಿಂತೇ ಇದ್ದೆ. "ಮಲಗ್ರೀ ಮೊದ್ಲು!" ಎಂದು ಗದರಿದ ಟೀಚರಮ್ಮ ನನ್ನನ್ನು ನೆಲದ ಮೇಲೆ ಮಲಗಿಸಿ, ಕಾಲನ್ನು ಕುರ್ಚಿಯ ಮೇಲೆತ್ತಿಟ್ಟು, ಟವೆಲ್ ಮಡಚಿ ಗಟ್ಟಿಯಾಗಿ ಒತ್ತಿ ಹಿಡಿದರು. ಪಾಪ, ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ ಕೂದಲಿನಲ್ಲೇ ಆಸ್ಪತ್ರೆಯವರೆಗೂ ಬಂದರು.

ಡಾಕ್ಟರು ಬೈಯಲಿಲ್ಲ. "ಇಷ್ಟು ವರ್ಷ ನಿಂತೇ ದುಡಿದಿದ್ದೀರಲ್ಲಮ್ಮ, ಕಾಲಿಗೂ ಸಾಕಾಗಿದೆ" ಎಂದರಷ್ಟೆ. ಒಡೆದದ್ದಕ್ಕೆ ಚಿಕಿತ್ಸೆ ಆಗಿದೆ. ಆದರೆ ಅದರ ಪಕ್ಕದಲ್ಲೊಂದು ಹುಣ್ಣಿದೆ, ಮಾಯುವವರೆಗೆ ದೂರದ ಪ್ರಯಾಣ ಬೇಡವೇ ಬೇಡವಂತೆ. ಹುಣ್ಣಾಗಿ ತಿಂಗಳುಗಳೇ ಆಗಿದ್ದವು. ವಿಡಿಯೋ ಕಾಲ್‌ನಲ್ಲಿ ನಿನಗೆ ಕಾಲು ಮಾತ್ರ ಕಾಣಿಸಲಿಲ್ಲ, ನೋಡು.

ನಿನ್ನ ಮೊಣಕಾಲಿನ ಹಿಂದೆ ನೀಲಿ ಗೆರೆ ಎದ್ದಿದೆ ಎಂದು ನೀನು ಹೇಳಿದಾಗ, ಬಸುರಿಯರಿಗೆ ಅದೆಲ್ಲ ಇದ್ದದ್ದೇ ಎಂದುಬಿಟ್ಟೆ. ಹಾಗನ್ನಬಾರದಿತ್ತು. ಡಾಕ್ಟರಿಗೆ ತೋರಿಸು. ಬಿಗಿ ಕಾಲುಚೀಲ ಬೇಕೋ ಬೇಡವೋ, ಯಾವ ಅಳತೆಯದು ಎಂಬುದನ್ನು ಅವರೇ ಹೇಳಲಿ. ಹಾಕುವುದಾದರೆ ಬೆಳಿಗ್ಗೆ, ಕಾಲು ಊದಿಕೊಳ್ಳುವ ಮುಂಚೆ, ಹಾಸಿಗೆಯಲ್ಲೇ ಹಾಕಿಕೋ. ನನ್ನ ಹಾಗೆ ನಿಂತಲ್ಲೇ ನಿಲ್ಲಬೇಡ, ಕೂತಲ್ಲೇ ಕೂರಲೂ ಬೇಡ. ಆಗಾಗ ನಡೆದಾಡು, ಹಿಮ್ಮಡಿ ಎತ್ತಿ ಇಳಿಸು. ಮಲಗಿದಾಗ ಕಾಲಡಿ ದಿಂಬಿರಲಿ. ಚರ್ಮ ಒಣಗಿ ತುರಿಸಿದರೆ ಕ್ರೀಮು ಸವರು, ಕೆರೆಯಬೇಡ. ನನ್ನ ಹುಣ್ಣು ಶುರುವಾದದ್ದೇ ಕೆರೆದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವಾದರೆ ಮಾತ್ರ ನನ್ನನ್ನೂ ಕೇಳಬೇಡ, ಸೀದಾ ಆಸ್ಪತ್ರೆಗೆ ಹೋಗು.

ನೀನು ಹುಟ್ಟುವಾಗ ನನ್ನಮ್ಮ ಪಕ್ಕದಲ್ಲಿದ್ದಳು. ಅವಳ ಬಳೆ ಒಡೆಯುವಷ್ಟು ಬಿಗಿಯಾಗಿ ಕೈ ಹಿಡಿದಿದ್ದೆ. ನಿನಗೆ ಹಿಡಿದುಕೊಳ್ಳಲು ನಾನಿರುವುದಿಲ್ಲವಲ್ಲ, ಅದೊಂದೇ ಕೊರೆಯುತ್ತಿದೆ.

ನಿನ್ನ
ಅಮ್ಮ

ಹೇಳಲು ಮರೆತೆ: ನನ್ನ ಬದಲು ಅಪ್ಪ ಬರುತ್ತಾರೆ. ನಿನಗೆ ಒಮ್ಮೆಯೂ ಸ್ನಾನ ಮಾಡಿಸದ ಮನುಷ್ಯ ಹಳೇ ಬಟ್ಟೆ ಸುತ್ತಿ ಗೊಂಬೆ ಮಾಡಿಕೊಂಡು ಬಚ್ಚಲಲ್ಲಿ ಅಭ್ಯಾಸ ನಡೆಸಿದ್ದಾರೆ. "ಕತ್ತಿಗೆ ಆಸರೆ ಕೊಡ್ರೀ, ಕತ್ತಿಗೆ!" ಎಂದು ಮಲಗಿದಲ್ಲಿಂದಲೇ ಕೂಗುತ್ತೇನೆ. ಇಬ್ಬರೂ ನಗುತ್ತೇವೆ. ಆಮೇಲೆ ನಾನು ಗೋಡೆ ಕಡೆ ತಿರುಗಿಕೊಳ್ಳುತ್ತೇನೆ.