ಸಣ್ಣ ದನಿಯ ಧಾರಾವಾಹಿಗಳು

ಚಚಡಿ, ತಾ. ಸವದತ್ತಿ
ಭಾನುವಾರ, 13 ಜುಲೈ 2025

ಪ್ರೀತಿಯ ಫರೀನ್,

ನೀನೂ ನಿನ್ನ ಹೊಟ್ಟೆಯಲ್ಲಿರುವುದೂ ಕ್ಷೇಮವೇ? ನಿನ್ನ ವಾಯ್ಸ್ ಮೆಸೇಜು ಬಂದು ಎಷ್ಟೋ ದಿನವಾಯಿತು. "ಡಾಕ್ಟರ್ ಹಾಸಿಗಿ ಬಿಟ್ಟು ಏಳಬ್ಯಾಡ ಅಂದಾರ. ಎಲ್ಲಾ ಚಾನೆಲ್‌ನ್ಯಾಗೂ ಹೊಸಾ ಸೀರಿಯಲ್ ಚಾಲೂ ಆಗ್ಯಾವ. ಯಾವ್ದು ನೋಡ್ಲಿ, ಯಾವ್ದು ಬಿಡ್ಲಿ, ನೀನ ಹೇಳ ಗಂಗೀ" ಎಂದಿದ್ದೆ. ಕೇಳಿ ನಕ್ಕೆ, ಆಮೇಲೆ ಉತ್ತರ ಕೊಡದೆ ಇಟ್ಟುಬಿಟ್ಟೆ. ಬೇಸರ ಮಾಡಿಕೊಳ್ಳಬೇಡ. ಈಗೀಗ ಫೋನಿನಲ್ಲಿ ಮಾತಾಡಹೋದರೆ ನನ್ನ ದನಿ ನಡುವೆಯೇ ಕೈಕೊಡುತ್ತದೆ. ಅದಕ್ಕೇ ಈ ಕಾಗದ. ರಾಮದುರ್ಗದ ಹಾಸ್ಟೆಲಿನಿಂದ ರಜೆಗೆ ಊರಿಗೆ ಹೋದಾಗ ಇಬ್ಬರೂ ಬರೆದುಕೊಳ್ಳುತ್ತಿದ್ದೆವಲ್ಲ, ಹಾಗೆಯೇ ಎಂದು ತಿಳಿ.

ಮೊದಲು ನೀನು ಕೇಳಿದ್ದು. ನಮ್ಮ ಮನೆಯಲ್ಲಿ ಧಾರಾವಾಹಿಗಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಹೊತ್ತಿನ ಮೇಲೆಯೇ ಗುರುತು. ಏಳರದು, ಏಳೂವರೆಯದು, ಎಂಟರದು. ಏಳರದರಲ್ಲಿ ಗಂಡ ಹೆಂಡತಿ ಇಬ್ಬರೂ ವಕೀಲರು. ಕೋರ್ಟಿನಲ್ಲೂ ವಾದ, ಅಡಿಗೆಮನೆಯಲ್ಲೂ ವಾದ. ಏಳೂವರೆಯದು ಕುಂಬಾರರ ಮನೆಯ ಹುಡುಗಿಯದು. ಅವಳು ಮಾತು ಕಡಿಮೆ, ಎಲ್ಲ ಕಣ್ಣಲ್ಲೇ. ಎಂಟರದು ದೆವ್ವದ್ದು, ಬಾಗಿಲು ಬಡಿಯುವುದು, ತಮಟೆ, ಕಿರುಚಾಟ.

ನಮ್ಮ ಅತ್ತೆ ಸಿದ್ದಲಿಂಗವ್ವನವರು ಇವುಗಳನ್ನು ಆರಿಸಿದ ರೀತಿ ಕೇಳಿದರೆ ನಗುತ್ತೀ. ನನ್ನ ಕೂಸು ಗೌರೀಶ ಮನೆಗೆ ಬಂದ ದಿನದಿಂದ ಅವರು ಟಿವಿಯ ದನಿಯನ್ನು ಇದೆಯೋ ಇಲ್ಲವೋ ಎನ್ನುವಷ್ಟಕ್ಕೆ ಇಳಿಸಿಟ್ಟಿದ್ದಾರೆ. ಯಾರು ಬಂದರೂ ಬಾಗಿಲಲ್ಲೇ ಬಾಯಿ ಮೇಲೆ ಬೆರಳು. ಮೊದಲೇ ಅವರಿಗೆ ಕಿವಿ ಮಂದ. ಹಾಗಾಗಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತು ಬರೀ ಮುಖ ನೋಡಿಯೇ ಕಥೆ ತಿಳಿದುಕೊಳ್ಳುತ್ತಾರೆ. ವಕೀಲರದನ್ನು ಎರಡೇ ದಿನಕ್ಕೆ ಬಿಟ್ಟರು. "ಇವು ಬರೇ ಬಾಯಿ ಬಡಕೊಂತಾವ, ಮಾರಿ ಮ್ಯಾಲೆ ಏನೂ ಇಲ್ಲ. ಸೀರಿಯಲ್ ಅಂದ್ರ ಮಾರಿ ನೋಡಿದ್ರ ತಿಳೀಬೇಕ" ಎಂದರು. ಕುಂಬಾರರ ಹುಡುಗಿ ಪಾಸಾದಳು. ದೆವ್ವವೂ ಹೇಗೋ ಪಾಸಾಯಿತು, ದನಿ ತೆಗೆದರೆ ಅದು ಪಾಪ, ಹಲ್ಲುನೋವಿನವಳ ಹಾಗೆ ಕಾಣುತ್ತದೆ.

ನಗು ಇಲ್ಲಿಗೆ ಸಾಕು, ಫರೀನ್.

ಹೋದ ತಿಂಗಳು ಒಂದು ಸಂಜೆ ಕರೆಂಟು ಹೋಗಿ ಬಂತು. ನಮ್ಮ ಟಿವಿ ಡಬ್ಬಿಯ ಗುಣ ಹೇಗೆಂದರೆ, ಕರೆಂಟು ಹೋಗಿ ಬಂದರೆ ದನಿ ತಾನೇ ಮೇಲೇರುತ್ತದೆ. ಎಂಟರ ದೆವ್ವ ಸರಿಯಾಗಿ ಆಗಲೇ ಬಾಗಿಲು ಒದೆಯಿತು. ಅತ್ತೆಯ ತಾಟಿನಲ್ಲಿದ್ದ ಚುರುಮುರಿ ನೆಲದ ತುಂಬ ಚೆಲ್ಲಿತು. ನಾನು ಎದೆ ಹಿಡಿದುಕೊಂಡೆ. ಹೊರಗೆ ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿ ಒದರಿತು. ಗೌರೀಶ ಟಿವಿಗೆ ಬೆನ್ನು ಮಾಡಿ ಕುಳಿತಿದ್ದ, ಎಚ್ಚರವಾಗಿಯೇ. ನೀನು ತಂದುಕೊಟ್ಟ ಗಿಲಕಿಯನ್ನು ಚೀಪುತ್ತಿದ್ದ. ಕತ್ತು ತಿರುಗಿಸಲಿಲ್ಲ. ಉರುಳಿ ಬಂದ ಚುರುಮುರಿಯ ಕಾಳು ಕಣ್ಣಿಗೆ ಬಿದ್ದ ಮೇಲೆ ಅದನ್ನು ನೋಡಿ ನಕ್ಕ.

"ನೋಡವಾ ಗಂಗಾ, ಎಮ್ಮಿ ಹೆದರಿತು, ನನ್ನ ಮೊಮ್ಮಗ ಹೆದರಲಿಲ್ಲ! ಗಂಡಸು ಅಂದ್ರ ಹಿಂಗಿರಬೇಕ" ಎಂದು ಅತ್ತೆ ಅವನಿಗೆ ದೃಷ್ಟಿ ತೆಗೆದರು. ನಾನು ಚುರುಮುರಿ ಗುಡಿಸುತ್ತ ಕುಳಿತೆ. ಅವನು ಆ ಗಿಲಕಿಯನ್ನು ಒಂದು ದಿನವೂ ಅಲ್ಲಾಡಿಸಿ ಆಡಿದ್ದಿಲ್ಲ, ಬರೀ ಚೀಪುತ್ತಾನೆ ಎಂಬುದು ಆಗ ಹೊಳೆಯಿತು. ಇಷ್ಟು ದಿನ ಎಲ್ಲರೂ ಅವನನ್ನು ಹೊಗಳಿದ್ದು ಒಂದೇ ಮಾತಿನಲ್ಲಿ, ಎಂಥ ಶಾಂತ ಕೂಸು, ಗದ್ದಲಕ್ಕೆ ಏಳುವುದಿಲ್ಲ ಎಂದು. ನಾನೂ ಆ ಮಾತಿಗೆ ಹಿಗ್ಗಿದ್ದೆ.

ಅಂದಿನಿಂದ ನನಗೆ ಗದ್ದಲದ ಧಾರಾವಾಹಿಯೇ ಬೇಕಾಯಿತು. "ಅತ್ತಿ, ಎಂಟರದ ಹಚ್ರಿ. ಒಂದೀಟ ದನಿ ಏರಸ್ರಿ" ಎಂದೆ. "ನಿನಗೇನ ದೆವ್ವ ಬಡದೈತೇನ? ಕೂಸ ಬೆದರತೈತಿ" ಎಂದು ಅವರು ಇಳಿಸಿದರು. ನಾನು ಮತ್ತೆ ಏರಿಸಿದೆ. ಮೂರು ನಾಲ್ಕು ದಿನ ರಿಮೋಟಿಗಾಗಿ ಇದೇ ನಡೆಯಿತು. ಒಂದು ದಿನ ನನ್ನ ಬಾಯಿಂದ ಬಂದೇಬಿಟ್ಟಿತು: "ಬೆದರ್ಲಿ ಬಿಡ್ರಿ. ಒಮ್ಮೆ ಬೆದರ್ಲಿ."

ಅತ್ತೆ ನನ್ನನ್ನೇ ನೋಡಿದರು. "ಹಡದ ತಾಯಿ ಆಡೂ ಮಾತೇನ ಇದು?" ಎಂದವರು ಗೌರೀಶನನ್ನು ಎತ್ತಿಕೊಂಡು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತರು.

ನಮ್ಮವರು ಸವದತ್ತಿಯ ಅಂಗಡಿ ಮುಚ್ಚಿ ಬರುವುದನ್ನೇ ಕಾದಿದ್ದು ಅತ್ತೆ ದೂರು ಹೇಳಿದರು. "ನಿಂಗರಾಜಾ, ನಿನ್ನ ಹೇಂತಿಗೆ ನಿದ್ದಿಲ್ದ ತಲಿ ಕೆಟ್ಟೈತಿ. ತವರಮನಿಗೆ ಕಳಸು, ನಾಕ ದಿನ ಮಲಗಲಿ." ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನನಗೆ ನಿದ್ದೆ ಹತ್ತಿ ಎಷ್ಟೋ ದಿನವಾಗಿದೆ. ಬಾಯಿಬಿಟ್ಟು ಹೇಳಲೇಬೇಕಾಯಿತು, ಕೂಸಿಗೆ ಕಿವಿ ಕೇಳಿಸುತ್ತಿಲ್ಲವೇನೋ ಎಂದೆ. ನಮ್ಮವರು ನಂಬಲಿಲ್ಲ. ಕೂಸಿನ ಹಿಂದೆ ಹೋಗಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಗೌರೀಶ ತಿರುಗಿದ!

"ತಿರುಗಿದ್ನಲ್ಲ! ಏನ ಹುಚ್ಚಿ ಅದಿ ನೀ!" ಅವರ ಕಣ್ಣಲ್ಲಿ ನೀರೇ ಬಂತು. ಆ ಮುಖ ನೋಡಿ ನನಗೆ ಸುಮ್ಮನಿರಬೇಕು ಎನಿಸಿತು. ಆದರೂ ಹೇಳಿದೆ: "ದೀಪ ನಿಮ್ಮ ಬೆನ್ನ ಹಿಂದ ಐತ್ರಿ. ಅಂವ ನಿಮ್ಮ ನೆರಳ ನೋಡಿ ತಿರುಗ್ಯಾನ." ನೆರಳು ಬೀಳದ ಹಾಗೆ ದೀಪದ ಈಚೆಗೆ ಬಂದು ಮತ್ತೆ ತಟ್ಟಿದರು. ಮತ್ತೂ ತಟ್ಟಿದರು. ಅಂಗೈ ಕೆಂಪಾದವು. ಆಮೇಲೆ ಹೊರಗೆ ಹೋಗಿ ಎಮ್ಮೆಗೆ ಮೇವು ಹಾಕಿದರು, ನಾನು ಆಗಲೇ ಹಾಕಿದ್ದರೂ.

ನಾಳೆ ಧಾರವಾಡಕ್ಕೆ ಹೋಗುತ್ತಿದ್ದೇವೆ. ಗೌರೀಶನಿಗೆ ನಿದ್ದೆಯ ಔಷಧಿ ಕುಡಿಸಿ, ತಲೆಗೆ ವಯರು ಅಂಟಿಸಿ ನೋಡುತ್ತಾರಂತೆ. ಅತ್ತೆಗೆ ಇನ್ನೂ ನಂಬಿಕೆ ಇದೆ. "ಕಿವ್ಯಾಗ ಗುಗ್ಗಿ ಕೂತಿರತೈತಿ, ತಗದ್ರ ಎಲ್ಲಾ ಸರಿ ಆಗತೈತಿ" ಎನ್ನುತ್ತಾರೆ. ಹಾಗೇ ಇರಲಿ ಎಂದು ನಾನೂ ಬೇಡಿಕೊಳ್ಳುತ್ತಿದ್ದೇನೆ. ಅವನ ಕಿವಿ ಎಷ್ಟು ಚೆಂದ ಗೊತ್ತೇ ಫರೀನ್, ಥೇಟ್ ಅವರಪ್ಪನವು. ಬಿಸಿಲಿಗೆ ಹಿಡಿದರೆ ಕೆಂಪಗೆ ಹೊಳೆಯುತ್ತವೆ. ಅಷ್ಟು ಚೆಂದದವು ಸುಮ್ಮನೆ ಹೇಗೆ ಇದ್ದಾವು?

ನನ್ನ ತೀರ್ಪು ಬರೆಯಲು ಮರೆತೆ. ನೀನು ಏಳೂವರೆಯದು ನೋಡು. ಆ ಹುಡುಗಿ ಮಾಡಿದ ಮಡಕೆ ಒಡೆದಾಗ ಅವಳು ಅಳುವುದಿಲ್ಲ, ಬರೀ ಕೈಯ ಮಣ್ಣು ಉಜ್ಜಿಕೊಳ್ಳುತ್ತಾಳೆ. ಉಳಿದೆರಡನ್ನು ಬಿಡು. ದೆವ್ವದ್ದಂತೂ ಬೇಡ, ತುಂಬಿದ ಬಸುರಿ ನೀನು.

ನಿಮ್ಮ ಅತ್ತೆ ಮೆಹರುನಬಿಯವರಿಗೆ ನನ್ನ ಸಲಾಂ ಹೇಳು. ಅವರ ಮಾತು ಮೀರಿ ಎದ್ದು ಓಡಾಡಬೇಡ. ನಿನ್ನ ದುವಾದಲ್ಲಿ ನನ್ನ ಮಗನ ಹೆಸರನ್ನೂ ಸೇರಿಸು. ನೀನು ಸುಖವಾಗಿ ಹಡೆದು ಏಳು, ಕೈತುಂಬ ಕೂಸು ಬರಲಿ.

ನಿನ್ನವಳೇ,
ಗಂಗಾ

ತಾ.ಕ.: ಮಂಗಳವಾರ. ಕಾಗದ ಹಾಕುವುದು ತಡವಾದದ್ದೇ ಒಳ್ಳೆಯದಾಯಿತು, ಇದನ್ನೂ ಸೇರಿಸುತ್ತೇನೆ. ಎರಡೂ ಕಿವಿ ಕೇಳುವುದಿಲ್ಲವಂತೆ, ಹುಟ್ಟಿನಿಂದಲೇ. ಮೊದಲು ಯಂತ್ರ ಹಾಕಿ ನೋಡೋಣ, ಆಮೇಲೆ ಆಪರೇಷನ್ನಿನ ವಿಚಾರ ಎಂದರು ಡಾಕ್ಟರು. ಅತ್ತೆ ಎಲ್ಲ ಕೇಳಿಸಿಕೊಂಡರು. ಏಳೂವರೆಗೆ ಟಿವಿ ಹಚ್ಚಿ ಎಂದಿನ ಹಾಗೆ ದನಿ ಇಳಿಸಿದರು. ಇಳಿಸಿದ ಮೇಲೆ ನೆನಪಾಗಿರಬೇಕು, ರಿಮೋಟು ಹಿಡಿದ ಕೈ ಹಾಗೇ ನಿಂತಿತು. ಆದರೆ ಏರಿಸಲಿಲ್ಲ.

ಹೆಸರಿಡುವ ದಿನ ನೆನಪಿದೆಯೇ? ಸೋದರತ್ತೆ ನಾಗರತ್ನಾ ತೊಟ್ಟಿಲಿಗೆ ಬಾಗಿ ಅವನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುವಾಗ ನಾವೆಲ್ಲ ಅವಳ ಬೆನ್ನಿಗೆ ಗುದ್ದಿ ಗುದ್ದಿ ನಕ್ಕೆವಲ್ಲ. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ನೀನು. ಆ ಹೆಸರು ಊರಿಗೆಲ್ಲ ಗೊತ್ತಾಯಿತು, ಅವನಿಗೆ ಮುಟ್ಟಲಿಲ್ಲ. ಎಂಟು ತಿಂಗಳಿಂದ ನನ್ನ ಮಗ ಹೆಸರಿಲ್ಲದೆ ಇದ್ದಾನೆ, ಫರೀನ್.

ನಿಮ್ಮಲ್ಲಿ ಹುಟ್ಟಿದ ಕೂಸಿನ ಕಿವಿಯಲ್ಲಿ ಅಜಾನ್ ಹೇಳುತ್ತಾರಲ್ಲ, ಆಗ ನೀನು ಅದರ ಮುಖ ನೋಡುತ್ತಿರು. ರೆಪ್ಪೆ ಅಲುಗಿದರೆ ನನಗೆ ಬರೆ. ನಾನು ಹೊಟ್ಟೆಕಿಚ್ಚು ಪಡುವುದಿಲ್ಲ.

ಪಡುತ್ತೇನೆ. ಆದರೂ ಬರೆ.